ಮನೆಯಲ್ಲೇ ಸ್ಕಿಮ್ ಹಾಲು: ಕೆನೆ ಹೀಗೆ ತೆಗೆಯಿರಿ

ಡಾಕ್ಟರು ಸ್ಕಿಮ್ ಹಾಲು ಕುಡಿಯಿರಿ ಅಂದ ಕೂಡಲೇ ಎಷ್ಟೋ ಮನೆಗಳಲ್ಲಿ ಹಾಲಿಗೆ ಒಂದು ಲೋಟ ನೀರು ಸೇರಿಸಿಬಿಡುತ್ತಾರೆ. ಅದು ಸ್ಕಿಮ್ ಹಾಲಲ್ಲ. ನೀರು ಬೆರೆತರೆ ಪ್ರೋಟೀನು, ಕ್ಯಾಲ್ಸಿಯಂ ಕೂಡ ತೆಳುವಾಗುತ್ತದೆ. ಇಂಗ್ಲಿಷಿನ ಸ್ಕಿಮ್ ಅಂದರೆ ಮೇಲೆ ತೇಲಿದ್ದನ್ನು ಮೆಲ್ಲಗೆ ಎತ್ತಿ ತೆಗೆಯುವುದು. ಬೇಳೆ ಬೇಯುವಾಗ ನೊರೆ ತೆಗೆಯುತ್ತೇವಲ್ಲ, ಅದಕ್ಕೂ ಅದೇ ಮಾತು. ಕೆನೆ ಹೋಗಬೇಕು, ಮಿಕ್ಕಿದ್ದೆಲ್ಲ ಉಳಿಯಬೇಕು.

ಹಂತ 1. ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಎಂದಿದ್ದರೆ ಬೇಡ. ಅದರಲ್ಲಿ ಕೊಬ್ಬಿನ ಕಣಗಳನ್ನು ಒಡೆದು ಪುಡಿ ಮಾಡಿರುತ್ತಾರೆ, ಅವು ಮೇಲೇಳುವುದಿಲ್ಲ. ಎಮ್ಮೆ ಹಾಲಾದರೆ ಕೆನೆ ದಪ್ಪ, ಎತ್ತುವುದು ಸುಲಭ.

ಹಂತ 2. ಬೆಳಗಿನ ಕಾಫಿಗೆ ಬೇಕಾದ ಹಾಲು ಮೊದಲೇ ಬೇರೆ ಎತ್ತಿಡಿ. ಉಳಿದದ್ದನ್ನು ಅಗಲ ಬಾಯಿಯ, ದಪ್ಪ ತಳದ ಪಾತ್ರೆಯಲ್ಲಿ ಕಾಯಿಸಿ. ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಇರಲಿ.

ಹಂತ 3. ಎಲ್ಲರೂ ಕೆಡಿಸುವುದು ಇಲ್ಲೇ. ಒಲೆ ಆರಿಸಿದ ಮೇಲೆ ಸೌಟು ಹಾಕಲೇಬೇಡಿ. ಕೊಬ್ಬು ನೀರಿಗಿಂತ ಹಗುರ, ಬಿಟ್ಟರೆ ತಾನೇ ಮೇಲೆ ಬರುತ್ತದೆ. ಪ್ರೋಟೀನಿನ ಜೊತೆ ಸೇರಿ ಹಾಳೆಯಂತೆ ಕಟ್ಟುತ್ತದೆ. ಮಧ್ಯೆ ಯಾರೋ ಬಂದು ಅರ್ಧ ಲೋಟ ಬಗ್ಗಿಸಿಕೊಂಡರೆ ಆ ಹಾಳೆ ಚೂರುಚೂರಾಗಿ ಹಾಲಿಗೇ ಬೆರೆಯುತ್ತದೆ. ಕಾಫಿಗೆ ಮೊದಲೇ ತೆಗೆದಿಡಿ ಅಂದಿದ್ದು ಇದಕ್ಕೇ. ಬಿಸಿ ಹಾಲಿಗೆ ಬಿಗಿಯಾಗಿ ಮುಚ್ಚಳ ಹಾಕುವುದೂ ತಪ್ಪು. ಆವಿ ಹನಿಯಾಗಿ ಬಿದ್ದು ಕೆನೆ ಒಡೆಯುತ್ತದೆ. ತೂತಿನ ತಟ್ಟೆ ಮುಚ್ಚಿ. ಪೂರ್ತಿ ಆರಿದ ಮೇಲೆ ಅಲುಗಿಸದೆ ಫ್ರಿಜ್ಜಿಗಿಟ್ಟು ರಾತ್ರಿಯಿಡೀ ಬಿಡಿ. ಎರಡು ಗಂಟೆಗೇ ತೆಗೆಯುವ ಆತುರ ಬೇಡ, ಮೆತ್ತಗಿನ ಕೆನೆ ಸೌಟಿನಿಂದ ಜಾರಿಬಿಡುತ್ತದೆ.

ಹಂತ 4. ಚಪ್ಪಟೆ ಜಾಲರಿ ಸೌಟಿನಿಂದ ಮೊದಲು ಅಂಚನ್ನು ಸುತ್ತಲೂ ಬಿಡಿಸಿ. ಆಮೇಲೆ ಅಡಿಗೆ ತೂರಿಸಿ ಒಂದೇ ಸಲ ಎತ್ತಿ. ಉಳಿದ ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ. ಸುಮ್ನೆ ಟೀ ಜಾಲರಿಯಲ್ಲಿ ಸೋಸಿದರೆ ಸಣ್ಣ ಚೂರು ಉಳಿಯುತ್ತವೆ. ನಾನಂತೂ ಇನ್ನೊಂದು ಸಲ ಕಾಯಿಸಿ, ಆರಿಸಿ, ಮತ್ತೆ ತೆಗೆಯುತ್ತೇನೆ. ನೀವೂ ಹಾಗೇ ಮಾಡಿ.

ಇಷ್ಟಾದರೂ ಸ್ವಲ್ಪ ಕೊಬ್ಬು ಉಳಿದೇ ಉಳಿಯುತ್ತದೆ. ಡೇರಿಗಳಲ್ಲಿ ಹಾಲನ್ನು ವೇಗವಾಗಿ ತಿರುಗಿಸಿ ಕೆನೆ ಬೇರ್ಪಡಿಸುತ್ತಾರೆ. ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ತಂದ ಯಂತ್ರದ ದಾರಿ ಅದು. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರೆ ಪ್ಯಾಕೆಟ್ಟೇ ಕೊಳ್ಳಿ, ಆದರೆ ಅಕ್ಷರ ಓದಿ. ನಮ್ಮ ದೇಶದ ನಿಯಮದಲ್ಲಿ ಸ್ಕಿಮ್ಡ್ ಹಾಲಿನ ಕೊಬ್ಬು ಶೇ 0.5 ಮೀರುವಂತಿಲ್ಲ. ಡಬಲ್ ಟೋನ್ಡ್‌ನಲ್ಲಿ ಕನಿಷ್ಠ 1.5, ಟೋನ್ಡ್‌ನಲ್ಲಿ ಕನಿಷ್ಠ 3. ಡಬಲ್ ಟೋನ್ಡ್ ತಂದು ಸ್ಕಿಮ್ ಅಂದುಕೊಳ್ಳುವವರು ಜಾಸ್ತಿ.

ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋದಾಗಲೂ ಇದೇ ಗೊಂದಲ, ಅಲ್ವಾ? ಅಮೆರಿಕದಲ್ಲಿ ಸ್ಕಿಮ್, ಫ್ಯಾಟ್ ಫ್ರೀ, ನಾನ್‌ಫ್ಯಾಟ್ ಮೂರೂ ಒಂದೇ. ಬ್ರಿಟನ್ನಿನಲ್ಲಿ ಸ್ಕಿಮ್ಡ್ ಅನ್ನುತ್ತಾರೆ, ವಾಡಿಕೆಯ ಬಣ್ಣ ಕೆಂಪು. ಹಸಿರು ಅಂದರೆ ಸೆಮಿ ಸ್ಕಿಮ್ಡ್, ಅರ್ಧ ಕೆನೆ ತೆಗೆದದ್ದು. ನಂದಿನಿಯ ನೀಲಿ ಪ್ಯಾಕೆಟ್ ನೆನೆದು ಅಲ್ಲಿ ನೀಲಿ ಕೊಂಡರೆ ಕೈಗೆ ಬರುವುದು ಪೂರ್ತಿ ಕೊಬ್ಬಿನ ಹಾಲು.

ಎರಡು ವರ್ಷದೊಳಗಿನ ಮಕ್ಕಳಿಗೆ ಈ ಹಾಲು ಬೇಡ. ಅವರಿಗೆ ಕೊಬ್ಬು ಬೇಕು. ಕೆನೆಯ ಜೊತೆ ಎ ಮತ್ತು ಡಿ ವಿಟಮಿನ್ನೂ ಹೋಗಿರುತ್ತದೆ.

ಹಂತ 5. ಕೆನೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ, ವಾರಕ್ಕೊಮ್ಮೆ ಬೆಣ್ಣೆ ಕಡೆಯಬಹುದು. ಸ್ಕಿಮ್ ಹಾಲಿನ ಮೊಸರು ನೀರಾಗುತ್ತದೆ ಎನ್ನುವವರು ಲೀಟರಿಗೆ ಎರಡು ಚಮಚ ಸ್ಕಿಮ್ ಹಾಲಿನ ಪುಡಿ ಕದಡಿ, ಕಾಯಿಸಿ, ಉಗುರುಬೆಚ್ಚಗಾದಾಗ ಹೆಪ್ಪು ಹಾಕಿ. ಡೇರಿ ವೈಟ್ನರ್ ಮಾತ್ರ ಬೇಡ, ಸಾಮಾನ್ಯವಾಗಿ ಅದರಲ್ಲಿ ಸಕ್ಕರೆ ಇರುತ್ತದೆ.