ಕಾಣದೊಕ್ಕಲು: ನಮ್ಮ ಆಟಕ್ಕೆ ಹೊಸ ಆತ್ಮಗಳನ್ನು ಕಟ್ಟಿದ್ದು ಹೀಗೆ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಅಂಥ ಒಂದು ಕತ್ತಲ ಸಂಜೆ ನಮ್ಮ ಆಟ ಶುರುವಾಯಿತು. ಐದು ಜನ ಗೆಳೆಯರು, ಒಂದು ಎಮರ್ಜೆನ್ಸಿ ಲೈಟ್, ಹಿಡಿ ತುಂಬ ದಾಳ. ನಾಲ್ವರು ಒಂದೊಂದು ಪಾತ್ರವಾಗುತ್ತಾರೆ. ನಾನು ಗೇಮ್ ಮಾಸ್ಟರ್, ಅಂದರೆ ಲೋಕ ಕಟ್ಟಿ ಕಥೆ ನಡೆಸುವವನು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗಿನಿಂದ ಈ ಬಗೆಯ ಆಟ ಆಡುತ್ತಾ ಬಂದಿದ್ದಾರೆ. ನಮ್ಮದು ಅದೇ ಜಾತಿಯದು, ಲೋಕ ಮಾತ್ರ ನಮ್ಮದೇ.

ಮೊದಲ ವರ್ಷ ನಾನು ಮಾಡಿದ ನೀರಿನ ಆತ್ಮವನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಅದಕ್ಕೆ 40 ಪ್ರಾಣದ ಅಂಕ (ಏಟು ಬಿದ್ದಂತೆ ಇಳಿಯುವ ಅಂಕ) ಕೊಟ್ಟಿದ್ದೆ, ನೀಲಿ ಕಣ್ಣು ಕೊಟ್ಟಿದ್ದೆ. ಹತ್ತೇ ನಿಮಿಷದಲ್ಲಿ ಹೊಡೆದು ಮುಗಿಸಿದರು. "ಇಷ್ಟೇನಾ ಮಾರಾಯ?" ಅಂದ ಒಬ್ಬ. ಅವನು ಹೇಳಿದ್ದು ಸರಿಯೇ. ಅದಕ್ಕೆ ಶಕ್ತಿ ಇತ್ತು, ಆಸೆ ಇರಲಿಲ್ಲ. ಅದು ಆ ಹೊಳೆಯಲ್ಲೇ ಯಾಕಿದೆ ಅಂತ ನನಗೇ ಗೊತ್ತಿರಲಿಲ್ಲ.

ಕೊಡಗಿನಲ್ಲಿ ಇದ್ದುಕೊಂಡು ಆತ್ಮಕ್ಕೇನು ಬರ, ಇಲ್ಲಿನ ದೈವಗಳನ್ನೇ ಆಟಕ್ಕೆ ತಂದರಾಯಿತು ಅಂದವರಿದ್ದಾರೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿರುವ ಜಿಲ್ಲೆ ಇದು. ಅಯ್ಯಪ್ಪನಿಗೆ ಹರಕೆಯಾಗಿ ಇಟ್ಟ ಮಣ್ಣಿನ ನಾಯಿಗಳು ಪಾಚಿ ಹಿಡಿದು ಸಾಲಾಗಿ ನಿಂತಿರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಐನ್‌ಮನೆಗಳ, ಅಂದರೆ ಕೊಡವರ ಮೂಲಮನೆಗಳ, ಕೈಮಡ ಅನ್ನುವ ಹಿರಿಯರ ಗುಡಿಯಲ್ಲಿ ಇವತ್ತಿಗೂ ಅವರಿಗೆ ಎಡೆ ಇಡುತ್ತಾರೆ. ಜನ ಕೈ ಮುಗಿಯುವುದಕ್ಕೆ ನಾನು ಅಂಕ ಹಾಕಲಾರೆ. ಹಾಗಾಗಿ ಯಾರೂ ಪೂಜೆ ಮಾಡದ ಜಾಗಗಳನ್ನು ಹುಡುಕಿದೆ. ಕಾಫಿ ಒಣಗಿಸುವ ಕಣ, ಗೋಡೌನ್, ಪಂಪ್ ಮನೆ, ತೋಡಿನ ಕಾಲುಸಂಕ. ಇಂಥ ಕಡೆ ಯಾರಾದರೂ ಇದ್ದರೆ ಅವರು ಯಾರು?

ಏನಂತ ಕರೆಯೋದು ಅನ್ನೋದೇ ದೊಡ್ಡ ಪ್ರಶ್ನೆಯಾಗಿತ್ತು. ದೆವ್ವ ಅಂದರೆ ಬರೀ ಹೆದರಿಕೆ. ದೈವ ಅಂದರೆ ಬೇರೆಯೇ ಮಾತು. ಕೊನೆಗೆ 'ಕಾಣದೊಕ್ಕಲು' ಅಂತ ಇಟ್ಟೆ. ಒಕ್ಕಲು ಅಂದ ಮೇಲೆ ಜಾಗದ ಜೊತೆ ಒಂದು ಲೆಕ್ಕ ಇರುತ್ತದೆ, ಕೊಡೋದು ತಗೊಳ್ಳೋದು ಇರುತ್ತದೆ. ಹೆಸರು ಸಿಕ್ಕ ಮೇಲೆ ಅರ್ಧ ಕೆಲಸ ಸಲೀಸಾಯಿತು.

ಮೊದಲು ಹುಟ್ಟಿದವಳು ಗಿಲಕಮ್ಮ. ನಮ್ಮ ಕಣದಲ್ಲಿ ಚೆರಿ, ಅಂದರೆ ಕಾಫಿ ಹಣ್ಣು, ಒಣಗಿದೆಯೋ ಇಲ್ಲವೋ ಅಂತ ನೋಡೋದು ಸುಲಭ. ಒಂದು ಹಿಡಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಬೇಕು. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಹಸಿ ಇದ್ದರೆ ಮಂಕಾಗಿ ಕೂತಿರುತ್ತದೆ. ನಮ್ಮ ರೈಟ್ರು, ಅಂದರೆ ತೋಟದ ಕೆಲಸ ನೋಡಿಕೊಳ್ಳುವವರು, ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತಾ ನಿಂತಿದ್ದರು. ಅದೇ ದಿನ ಸಂಜೆ ದಾಳಗಳನ್ನು ಕೈಯಲ್ಲಿ ಅಲ್ಲಾಡಿಸಿದೆ. ಅದೇ ಸದ್ದು! ಮೈ ಜುಂ ಅಂತು.

ಗಿಲಕಮ್ಮ ಮಾತಿನ ಹಸಿ ಒಣ ನೋಡುವವಳು. ಅವಳ ಹತ್ತಿರ ಏನಾದರೂ ಕೇಳಬೇಕಾದರೆ ಮೊದಲು ನಿಮ್ಮ ವಿಷಯ ಪೂರ್ತಿ ಹೇಳಬೇಕು. ಆಟಗಾರನ ಕೈಗೆ 6 ಮುಖದ 5 ದಾಳ ಕೊಡುತ್ತೇನೆ. ಅವನು ಮುಚ್ಚಿಟ್ಟ ಒಂದೊಂದು ಸಂಗತಿಗೂ ಒಂದೊಂದು ದಾಳ ವಾಪಸ್ ತಗೊಳ್ಳುತ್ತೇನೆ. ಮೊತ್ತ 14 ದಾಟಿದರೆ ಉತ್ತರ. 5 ದಾಳಕ್ಕೆ ಸರಾಸರಿ 17.5 ಬರುತ್ತದೆ, ಹಾಗಾಗಿ ಸಾಮಾನ್ಯವಾಗಿ ಗೆಲ್ಲುತ್ತಾರೆ. 4ಕ್ಕೆ 14, ಅಲ್ಲಿ ಅನುಮಾನ. 3ಕ್ಕೆ ಬರೀ 10.5, ಅದು ಕಷ್ಟ. ಆದರೆ ಲೆಕ್ಕಕ್ಕಿಂತ ಮೊದಲೇ ಸದ್ದು ಹೇಳಿಬಿಡುತ್ತದೆ. ಮೂರೇ ದಾಳ ಕೈಯಲ್ಲಿ ಅಲ್ಲಾಡಿದಾಗ ಬರುವ ಬಡ ಸದ್ದಿಗೆ ಇಡೀ ಕೋಣೆ ಅವನ ಮುಖ ನೋಡುತ್ತದೆ.

ಇದಾದ ಮೇಲೆ ಯಾವ ಒಕ್ಕಲನ್ನು ಕಟ್ಟುವಾಗಲೂ ಮೊದಲು ಕೆಲಸ ನೋಡುತ್ತೇನೆ. ಆ ಜಾಗದಲ್ಲಿ ಕೈ ಏನು ಮಾಡುತ್ತದೆ, ಕಿವಿ ಏನು ಕೇಳುತ್ತದೆ. ರೂಪ, ಶಕ್ತಿ ಎಲ್ಲ ಆಮೇಲೆ.

ಒಂದು ತಪ್ಪನ್ನೂ ಹೇಳಬೇಕು. ಜರಿದ ಗುಡ್ಡದಲ್ಲಿ ಇರುವ ಒಂದು ಒಕ್ಕಲನ್ನು ಮಾಡಿದ್ದೆ. ಚೆನ್ನಾಗಿ ಬಂದಿದೆ ಅಂತಲೇ ಅಂದುಕೊಂಡಿದ್ದೆ. ಆಡುತ್ತಿದ್ದವರಲ್ಲಿ ಒಬ್ಬನ ಅತ್ತೆ ಮನೆ ಮಡಿಕೇರಿ ಹತ್ತಿರದ ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದಾಗ ಅವರು ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು. ಅವನು ಏನೂ ಹೇಳಲಿಲ್ಲ, ದಾಳ ಕೆಳಗಿಟ್ಟು ಎದ್ದು ಹೊರಗೆ ಹೋದ. ಆ ಹಾಳೆಯನ್ನು ನಾನು ಮತ್ತೆ ತೆಗೆದಿಲ್ಲ. ಈಗ ಹೊಸದೇನಾದರೂ ತರುವ ಮೊದಲು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳುತ್ತೇನೆ.

ನನಗೆ ತುಂಬ ಇಷ್ಟದವಳು ಬೆಳ್ಳಕ್ಕ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟು ತೋಟ ಬೆಳ್ಳಗಾಗುತ್ತದೆ, ಅದರ ಪರಿಮಳ ಗೊತ್ತಿದ್ದವರಿಗೇ ಗೊತ್ತು. ಕಾಫಿಯಲ್ಲಿ ಅರೇಬಿಕಾ ಅನ್ನೋ ಜಾತಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ. ಬೇರೆ ಗಿಡದ ಪರಾಗ ಬರಲೇಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಹಾಗಾಗಿ ಬೆಳ್ಳಕ್ಕನಿಗೆ ಅರ್ಧ ಹೆಸರು ಮಾತ್ರ ಗೊತ್ತು. ಉಳಿದರ್ಧ ಇನ್ನೊಂದು ಗುಡ್ಡದ ಬೆಳ್ಳಕ್ಕನ ಹತ್ತಿರ. ಹೂ ಬಾಡುವುದರೊಳಗೆ, ಮೂರು ದಿನದಲ್ಲಿ, ಯಾರಾದರೂ ಅದನ್ನು ಹೊತ್ತು ತರಬೇಕು. ಕತ್ತಿಯಿಂದ ಏನೂ ಆಗಲ್ಲ. ಆಟಗಾರರೇ ಜೇನು.

"ಇಷ್ಟೇನಾ" ಅಂದಿದ್ದನಲ್ಲ, ಅವನೇ ಹೊರಟ. ಆರು ತಿಂಗಳಿಂದ ಅವನ ಪಾತ್ರವನ್ನು ನಾವು 'ಕತ್ತಿಯವನು' ಅಂತಲೇ ಕರೆಯುತ್ತಿದ್ದೆವು. ಹೊಳೆ ದಾಟಿ, ದಾರಿ ತಪ್ಪಿ, ಮೂರನೆಯ ದಿನ ಹೊತ್ತು ಮುಳುಗುವಾಗ ಬಂದು ಆ ಅರ್ಧ ಹೆಸರನ್ನು ಹೇಳಿದ. ಬೆಳ್ಳಕ್ಕ ತನ್ನ ಪೂರ್ತಿ ಹೆಸರನ್ನು ಒಂದು ಸಲ ಜೋರಾಗಿ ಹೇಳಿಕೊಂಡಳು. ಆಮೇಲೆ ಅವನನ್ನು ಕೇಳಿದಳು: "ನಿನ್ನ ಹೆಸರೇನಪ್ಪಾ?"

ಅವನು ಬಾಯಿ ತೆರೆದ, ಮುಚ್ಚಿದ. ಹೊರಗೆ ಮಳೆ ಹೊಯ್ಯುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಪೆನ್ಸಿಲ್ ತಗೊಂಡು ಹಾಳೆಯ ಮೇಲಿದ್ದ 'ಕತ್ತಿಯವನು' ಅನ್ನೋದನ್ನು ಅಳಿಸಿದ. "ತಿಮ್ಮ" ಅಂದ.