ಊರಿನ ಬಾಲ ಕತ್ತರಿಸಿ ಆಡುವ ಆಟ

ಮಗನ ಹುಟ್ಟಿದ ಹಬ್ಬದ ಹಿಂದಿನ ರಾತ್ರಿ ಕೂತು 49 ಚೀಟಿ ಬರೆದಿದ್ದೆ. ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು. ಸ್ಟೀಲ್ ಡಬ್ಬಿಗೆ ಹಾಕಿ ಕುಲುಕುವುದು, ಮಕ್ಕಳು ಒಂದು ಚೀಟಿ ಎತ್ತುವುದು, ಬಂದ ಅಕ್ಷರದಲ್ಲಿ ಶುರುವಾಗುವ ಮೂರು ಪದ ಹೇಳುವುದು. ಸುಲಭ ಅಲ್ವಾ?

ಪಕ್ಕದ ಮನೆಯ ಪುಟ್ಟಿಗೆ ಬಂದದ್ದು ಞ. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. 'ಆಂಟಿ, ಇದರಲ್ಲಿ ಏನಿದೆ?' ಅಂದಳು. ನನಗೂ ಗೊತ್ತಿರಲಿಲ್ಲ. ಯಾರೋ 'ಜ್ಞಾನ' ಅಂದರು. ಅದು ಶುರುವಾಗುವುದು ಜ ದಿಂದ, ಞ ಅದರ ಕಾಲಡಿ ಒತ್ತಾಗಿ ಕೂತಿದೆ ಅಷ್ಟೇ ಅಂತ ಇನ್ನೊಬ್ಬರು ವಾದಕ್ಕಿಳಿದರು. ಅಷ್ಟರಲ್ಲಿ ಪುಟ್ಟಿ ಅಳೋಕೆ ಶುರು ಮಾಡಿದಳು. ಕೇಕಿನ ಹೂವಿರುವ ತುಂಡು ಕೊಟ್ಟ ಮೇಲೆ ಸಮಾಧಾನವಾಯಿತು.

ತಪ್ಪು ನನ್ನದೇ. ಇಂಗ್ಲಿಷಿನಲ್ಲಿ ಎ ಯಿಂದ ಝಡ್ ತನಕ 26 ಅಕ್ಷರ, ಎಕ್ಸ್ ಒಂದು ಬಿಟ್ಟರೆ ಉಳಿದದ್ದಕ್ಕೆಲ್ಲ ಪದ ಸಿಗುತ್ತದೆ. ಅದೇ ಲೆಕ್ಕ ನಮ್ಮದಕ್ಕೂ ಹಾಕಿದ್ದೆ. ನಮ್ಮಲ್ಲಿ ಪದದ ಬಾಗಿಲಲ್ಲಿ ನಿಲ್ಲದ ಅಕ್ಷರಗಳೇ ಇವೆ. ಙ, ಞ, ಣ, ಳ ಮತ್ತು ಅಃ. ಆ ಐದೂ ಚೀಟಿಗಳನ್ನು ಅವತ್ತೇ ತೆಗೆದೆ. ಉಳಿದ 44ರಲ್ಲಿ ಹತ್ತು ಮಹಾಪ್ರಾಣ. ಅವಕ್ಕೆ ಡಬಲ್ ಮಾರ್ಕ್ಸ್ ಇಟ್ಟೆ. ಜೊತೆಗೆ ಸದ್ದಿನ ಪದಗಳೂ ನಡೆಯುತ್ತವೆ ಅಂದೆ. ಘಮಘಮ, ಝಣಝಣ, ಢಣಢಣ. ಮಕ್ಕಳಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ಢ ಬಂದರೆ ಸಾಕು, ಮನೆಯ ಪಾತ್ರೆಯೆಲ್ಲ ಬಿದ್ದ ಹಾಗೆ ಕೂಗುತ್ತಾರೆ.

ಆಮೇಲೆ ಡಬ್ಬಿ ಇಲ್ಲದೆ ಆಡುವ ಆಟಗಳ ಕಡೆ ಹೊರಳಿದೆ. ನಮಗೆ ಹೆಚ್ಚು ಬೇಕಾದದ್ದು ದಾರಿಯಲ್ಲಿ. ಹಾಸನದಲ್ಲಿರುವವರಿಗೆ ಮದುವೆ, ನಾಮಕರಣ, ತಿಥಿ ಅಂತ ಚಿಕ್ಕಮಗಳೂರಿಗೆ ಓಡಾಟ ತಪ್ಪಿದ್ದಲ್ಲ. ಟಿಟಿಯಲ್ಲಿ, ಅಂದರೆ ಟೆಂಪೋ ಟ್ರಾವೆಲರ್‌ನಲ್ಲಿ, ಹತ್ತು ಹನ್ನೆರಡು ಜನ, ಅದರಲ್ಲಿ ನಾಲ್ಕು ಮಕ್ಕಳು, ಮುಂದಿನ ಸೀಟಿನಲ್ಲಿ ನಮ್ಮತ್ತೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಸರು, ಊರು, ಪ್ರಾಣಿ, ವಸ್ತು ಅಂತ ಗೆರೆ ಎಳೆದು ಬರೆಯುವ ಆಟ ಮನೆಗೆ ಚೆನ್ನ. ಗಾಡಿಯಲ್ಲಿ ಬೇಡ. ಗಿರಿಯ ರಸ್ತೆಯ ತಿರುವಿನಲ್ಲಿ ತಲೆ ಬಗ್ಗಿಸಿ ಬರೆದವರು ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಾರೆ. ಆ ದಿನ ಕವರು ತರದೇ ಹೋಗಿದ್ದವಳು ನಾನೇ.

ಬಾಯಲ್ಲೇ ಆಡುವುದರಲ್ಲಿ ಮೊದಲು ಹಿಡಿದದ್ದು ಊರಿನ ಸರಪಳಿ. ಒಬ್ಬರು ಹೇಳಿದ ಊರಿನ ಕೊನೆಯ ಅಕ್ಷರದಿಂದ ಇನ್ನೊಬ್ಬರು ಊರು ಹೇಳಬೇಕು. ಗುಣಿತ ಯಾವುದಾದರೂ ಸರಿ, ಅಕ್ಷರ ಅದೇ ಇರಬೇಕು. ಚಿಕ್ಕಮಗಳೂರಿನ ಒಂದು ಮದುವೆಗೆ ಹೊರಟ ದಿನ ಮಗ 'ಹಾಸನ' ಅಂತ ಶುರು ಮಾಡಿದ. ನ ದಿಂದ ನರಸಿಂಹರಾಜಪುರ. ರ ದಿಂದ ರಾಮನಗರ. ಮತ್ತೆ ರ, ರಾಯಚೂರು. ಮತ್ತೆ ರ, ರಾಣೆಬೆನ್ನೂರು. ಮತ್ತೆ ರ, ರಾಮನಾಥಪುರ. ಅಲ್ಲಿಗೆ ಎಲ್ಲರ ಬಾಯಿ ಕಟ್ಟಿತು. ಹಗರೆ ಬರುವುದರೊಳಗೆ ಆಟ ಸತ್ತಿತ್ತು. ಹಗರೆಯ ಬೋರ್ಡು ನೋಡಿದ ಮಗ, 'ಇದೂ ರೆ ಕಣಮ್ಮ' ಅಂದ.

ಬೇಲೂರಿನಲ್ಲಿ ಕಾಫಿಗೆ ಇಳಿದಾಗ ಬೆರಳು ಮಡಚಿ ಎಣಿಸಿದೆ. ಹಾಸನ ಜಿಲ್ಲೆಯ ತಾಲ್ಲೂಕು 8, ಚಿಕ್ಕಮಗಳೂರಿನದು 9. ಒಟ್ಟು 17. ಇದರಲ್ಲಿ 12 ರ ದಲ್ಲೇ ಮುಗಿಯುತ್ತವೆ! ಆಲೂರು, ಬೇಲೂರು, ಕಡೂರು ಒಂದು ಕಡೆ. ಅರಸೀಕೆರೆ, ತರೀಕೆರೆ, ಮೂಡಿಗೆರೆ ಇನ್ನೊಂದು ಕಡೆ. ಪುರಗಳು ಬೇರೆ. ತಪ್ಪಿಸಿಕೊಂಡದ್ದು ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಕೊಪ್ಪ, ಕಳಸ ಮಾತ್ರ. ಎಲ್ಲಿಂದ ಹೊರಟರೂ ರ ಅನ್ನುವ ಗುಂಡಿಗೆ ಬೀಳುತ್ತೇವೆ. ಬಿದ್ದರೆ ಮೇಲೆ ಬರೋದು ಕಷ್ಟ, ಯಾಕೆಂದರೆ ರ ದಲ್ಲಿ ಶುರುವಾಗುವ ಅಚ್ಚಗನ್ನಡ ಪದಗಳೇ ಕಡಿಮೆ. ಅದರಲ್ಲಿ ಊರು ಎಷ್ಟು ಸಿಕ್ಕಾವು?

ಪರಿಹಾರ ಹೇಳಿದ್ದು ನಮ್ಮತ್ತೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕಾಫಿ ಲೋಟ ಕೆಳಗಿಟ್ಟು, 'ಊರಿಗೆಲ್ಲ ಒಂದೇ ಬಾಲ ಇದ್ರೆ ಆ ಬಾಲನೇ ಕತ್ತರಿಸಿ ಬಿಸಾಕಿ, ಅದಕ್ಯಾಕೆ ಇಷ್ಟು ಯೋಚ್ನೆ?' ಅಂದರು.

ಅದೇ ನಿಯಮವಾಯಿತು. ಊರು, ಪುರ, ಕೆರೆ, ಗೆರೆ, ಹಳ್ಳಿ, ನಗರ, ಇವೆಲ್ಲ ಬಾಲ. ಬಾಲ ಕತ್ತರಿಸಿದ ಮೇಲೆ ಉಳಿಯುವ ಕೊನೆಯ ಅಕ್ಷರ ಹಿಡಿಯಬೇಕು. ಬೇಲೂರು ಅಂದರೆ ಲ. ಕಡೂರು ಅಂದರೆ ಡ. ಸಕಲೇಶಪುರಕ್ಕೆ ಶ, ಮೂಡಿಗೆರೆಗೆ ಡ. ಣ ಬಂದರೆ ನ ಮಾಡಿಕೊಳ್ಳಿ, ಳ ಬಂದರೆ ಲ. ಹಾಡಿನ ಅಂತ್ಯಾಕ್ಷರಿಯಲ್ಲಿ ಎಲ್ಲರೂ ಮಾಡುವುದೇ ಅದು. ಮತ್ತೆ ಶುರು ಮಾಡಿದೆವು. ನರಸಿಂಹರಾಜಪುರ, ಜ ಬಂತು, ಜಾವಗಲ್. ಲ, ಲಕ್ಕವಳ್ಳಿ. ಳ ಹೋಗಿ ಮತ್ತೆ ಲ, ಲಿಂಗದಹಳ್ಳಿ. ಹಳ್ಳಿ ಕತ್ತರಿಸಿದರೆ ದ, ದಾವಣಗೆರೆ. ಗೆರೆ ಹೋದರೆ ಣ, ಅಂದರೆ ನ, ನುಗ್ಗೇಹಳ್ಳಿ. ಗ, ಗಂಡಸಿ. ಸ, ಸಕಲೇಶಪುರ. ಶ, ಶೃಂಗೇರಿ. ಅಲ್ಲಿಗೆ ಒಂಬತ್ತು ಊರು. ನಮ್ಮ ಎರಡು ಜಿಲ್ಲೆ ಬಿಟ್ಟು ಹೊರಗೆ ಹೋದದ್ದು ಒಂದೇ ಸಲ.

ಬಾಲ ಕತ್ತರಿಸಿದರೂ ಬಗ್ಗದ ಊರು ತರೀಕೆರೆ. ಕೆರೆ ತೆಗೆದರೂ 'ತರೀ', ಮತ್ತದೇ ರ. ಗೊರೂರೂ ಹಾಗೇ, ಆದರೆ ನಮ್ಮಲ್ಲಿ ಹೆಸರಾದದ್ದು ತರೀಕೆರೆಯೇ. ಎದುರಿನವರನ್ನು ಸಿಕ್ಕಿಸಬೇಕಾದರೆ ಅದನ್ನೇ ಬಚ್ಚಿಟ್ಟುಕೊಂಡು ಕೊನೆಗೆ ಬಿಡುತ್ತಾರೆ. ಸಿಕ್ಕಿಬಿದ್ದವರಿಗೆ ಶಿಕ್ಷೆಯೂ ಅಲ್ಲಿಂದಲೇ. 'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು' ಅಂತ ತಪ್ಪಿಲ್ಲದೆ ಮೂರು ಸಲ ಹೇಳಬೇಕು.

ಅತ್ತೆ ಊರಿನ ಆಟದಲ್ಲಿ ಅಷ್ಟಕ್ಕಷ್ಟೆ. ಆದರೆ ಊರು ಬಿಟ್ಟು ಯಾವ ಪದವಾದರೂ ಸರಿ ಅಂದರೆ ಅವರ ಮುಂದೆ ನಾವ್ಯಾರೂ ನಿಲ್ಲುವುದಿಲ್ಲ. ಹುಡುಗರು ರ ಕೊಟ್ಟು ಕೈಕಟ್ಟಿ ಕೂತರೆ ಅವರು ಒಂದೊಂದಾಗಿ ಇಳಿಸುತ್ತಾರೆ. ರಾಗಿ. ರಾಜಮುಡಿ. ರುಬ್ಬುಗುಂಡು. ರವಿಕೆ. 'ರಾಜಮುಡಿ ಅಂದ್ರೇನಜ್ಜಿ?' ಅಂದ ಮಗ. 'ಭತ್ತ ಕಣ್ಲಾ, ನಿನ್ನ ತಟ್ಟೆಗೆ ಅನ್ನ ಬರೋದು ಅಂಗಡಿ ಕವರಿಂದ ಅಂದ್ಕೊಂಡಿದೀಯಾ?' ಅಂದರು. ಆಟ ಹತ್ತು ನಿಮಿಷ ನಿಂತಿತು. ಭತ್ತದ ಕಥೆ ನಡೆಯಿತು. ಹೀಗೆ ನಿಂತರೆ ನಾನು ಅವಸರ ಮಾಡುವುದಿಲ್ಲ.

ಸಂತೆ ಆಟವೂ ಅವರಿಗೇ ಇಷ್ಟ. 'ಸಂತೆಗೆ ಹೋಗಿ ಅವರೆಕಾಯಿ ತಂದೆ' ಅಂತ ಒಬ್ಬರು. 'ಅವರೆಕಾಯಿ, ಆಲೂಗೆಡ್ಡೆ ತಂದೆ' ಅಂತ ಇನ್ನೊಬ್ಬರು. ಹಿಂದಿನದೆಲ್ಲ ನೆನಪಿಟ್ಟು ಇಂಗು, ಈರುಳ್ಳಿ, ಉಪ್ಪು, ಊದುಬತ್ತಿ ಅಂತ ಚೀಲ ತುಂಬಬೇಕು. ಋ ಬಿಟ್ಟುಬಿಡುತ್ತೇವೆ, ಸಂತೆಯಲ್ಲಿ ಋಷಿ ಸಿಗುವುದಿಲ್ಲ. ಎಳ್ಳು, ಏಲಕ್ಕಿ ಆಯಿತು. ಐ ಗೆ ಅತ್ತೆ 'ಐದು ರೂಪಾಯಿ ಕರಿಬೇವು' ಅಂದರು. ಒಪ್ಪಲೇಬೇಕಾಯಿತು.

ನನಗೆ ಮಾತ್ರ ಬೆಕ್ಕಿನ ಆಟವೇ ಇಷ್ಟ. ಇದು ಇಂಗ್ಲಿಷರ ಹಳೆಯ ಆಟ. ಅವರಲ್ಲಿ ಪಾದ್ರಿಯ ಬೆಕ್ಕನ್ನು ಅಕ್ಷರದ ಸಾಲಿನಲ್ಲಿ ಒಂದೊಂದು ಗುಣದಿಂದ ಹೊಗಳುತ್ತಾ ಹೋಗುತ್ತಾರೆ. ನಮ್ಮದು ಗೌಡರ ಬೆಕ್ಕು. ಒಳ್ಳೆಯ, ಕೆಟ್ಟ, ದೊಡ್ಡ ಅಂತ ಒಂಟಿ ಪದದಲ್ಲೇ ಹೇಳಬೇಕು ಅಂದಾಗ 'ಈ' ಅಕ್ಷರ ದಾಟುವ ಮೊದಲೇ ಆಟ ನಿಂತುಹೋಗಿತ್ತು. ಕನ್ನಡದಲ್ಲಿ ಅಂಥ ಪದ ಜಾಸ್ತಿ ಇಲ್ಲ. ನಾವು ಗುಣವನ್ನು ಹೇಳುವುದು ಮಾಡುವ ಕೆಲಸದಿಂದ. ಹಾಗಾಗಿ ಇಡೀ ಮಾತೇ ನಡೆಯುತ್ತದೆ ಅಂದೆ. ಆಗ ನೋಡಿ, ಅಳುಮುಂಜಿ ಬೆಕ್ಕು, ಆಸೆಬುರುಕ ಬೆಕ್ಕು, ಇಲಿಗೆ ಹೆದರೋ ಬೆಕ್ಕು, ಈರುಳ್ಳಿ ಮುಟ್ಟದ ಬೆಕ್ಕು, ಉಪ್ಪಿಟ್ಟು ಬೇಡ ಅನ್ನೋ ಬೆಕ್ಕು, ಊರು ಬಿಟ್ಟ ಬೆಕ್ಕು, ಋಣ ತೀರಿಸದ ಬೆಕ್ಕು, ಎಲೆಯಡಿಕೆ ಹಾಕೋ ಬೆಕ್ಕು, ಏಕಾದಶಿ ಮಾಡೋ ಬೆಕ್ಕು, ಐನಾತಿ ಬೆಕ್ಕು, ಒಲೆ ಮುಂದೆ ಬಿದ್ದಿರೋ ಬೆಕ್ಕು, ಓದಿ ಓದಿ ಮರುಳಾದ ಬೆಕ್ಕು. ಔ ಬಂದದ್ದು ನಮ್ಮ ಯಜಮಾನರಿಗೆ. 'ಔತಣಕ್ಕೆ ಕರೀದೇ ಬಂದ ಬೆಕ್ಕು' ಅಂದರು. ಹಿಂದಿನ ಸೀಟಿನಲ್ಲಿ ಕೂತಿದ್ದ ದೂರದ ನೆಂಟರೊಬ್ಬರು ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ನಿಜಕ್ಕೂ ಪತ್ರಿಕೆ ಹೋಗಿರಲಿಲ್ಲವಂತೆ.

ರೈಲಿನಲ್ಲಿ ಆಡಿದ್ದು ಒಂದೇ ಸಲ, ಹಾಸನದಿಂದ ಸುಬ್ರಹ್ಮಣ್ಯಕ್ಕೆ ಹೋದಾಗ. ಸಕಲೇಶಪುರ ದಾಟಿದ ಮೇಲೆ ಘಾಟಿಯಲ್ಲಿ 57 ಸುರಂಗ. ರೈಲು ಮೆಲ್ಲಗೆ ಇಳಿಯುತ್ತದೆ. ಸುರಂಗ ಬಂದರೆ ಬೋಗಿಯ ಮಕ್ಕಳೆಲ್ಲ ಹೋ ಅಂತ ಕೂಗುವುದು ಇದ್ದದ್ದೇ. ಸುಮ್ನೆ ಕೂಗುವ ಬದಲು ಒಂದು ಸುರಂಗಕ್ಕೆ ಒಂದು ಅಕ್ಷರ ಅಂದೆ. ಕತ್ತಲೆ ಇರುವ ತನಕ ಆ ಅಕ್ಷರದ ಪದ ಹೇಳುತ್ತಲೇ ಇರಬೇಕು, ಬೆಳಕು ಬಂದ ಕೂಡಲೇ ಬಾಯಿ ಮುಚ್ಚಬೇಕು. ಗಡಿಯಾರ ಬೇಡ, ತೀರ್ಪುಗಾರರೂ ಬೇಡ. ಕ ಬಂದ ಸುರಂಗ ಚಿಕ್ಕದು, ಕಾಫಿ, ಕಿತ್ತಳೆ, ಕುಂಬಳಕಾಯಿ ಅನ್ನುವಷ್ಟರಲ್ಲಿ ಕಾಡು ಕಾಣಿಸಿತು. ಠ ಬಂದದ್ದು ಉದ್ದನೆಯದರಲ್ಲಿ. ಠಾಣೆ, ಠೇವಣಿ, ಠಕ್ಕ, ಆಮೇಲೆ ಬರೀ ಚಕ್ರದ ಸದ್ದು. ಕತ್ತಲೆಯಲ್ಲಿ ಆಚೆ ಸೀಟಿನಿಂದ ಗುರುತಿಲ್ಲದ ಗಂಡಸಿನ ದನಿಯೊಂದು 'ಠಸ್ಸೆ' ಅಂತು. ಎಡಕುಮೇರಿ ಬರುವುದರೊಳಗೆ ಅರ್ಧ ಬೋಗಿ ಆಟಕ್ಕೆ ಸೇರಿತ್ತು.

ಮದುವೆ ಮುಗಿಸಿ ಚಿಕ್ಕಮಗಳೂರಿನಿಂದ ವಾಪಸು ಬರುವಾಗಿನ ಮಾತು ಹೇಳಿ ಮುಗಿಸುತ್ತೇನೆ. ಊಟ ಜಾಸ್ತಿಯಾಗಿ ಎಲ್ಲರೂ ತೂಗುತ್ತಿದ್ದರು. ಎಚ್ಚರ ಇದ್ದದ್ದು ನಾನು, ಮಗ, ಡ್ರೈವರ್. ಮಗ ಮೆತ್ತಗೆ 'ತರೀಕೆರೆ' ಅಂದ. ನನ್ನ ರಾಮನಗರ, ರಾಯಚೂರು ಎಲ್ಲ ಹೋಗುವಾಗಲೇ ಖರ್ಚಾಗಿದ್ದವು. ಸೋತೆ. ಶಿಕ್ಷೆ ಶುರು ಮಾಡಿದೆ. ಮೊದಲನೇ ಸಲ ಸರಿಯಾಯಿತು. ಎರಡನೇ ಸಲ 'ಮೂರು ಕುರಿ ಕರಿಮರಿ' ಆಯಿತು. ಮತ್ತೆ ಹೇಳಿದೆ, 'ಮೂರು ಕರಿ ಕರಿಮುರಿ' ಆಯಿತು.

ಅಲ್ಲಿಯವರೆಗೂ ತುಟಿ ಬಿಚ್ಚದ ಡ್ರೈವರ್ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಒಂದೇ ಉಸಿರಿನಲ್ಲಿ ಮೂರು ಸಲ ಹೇಳಿ ಮುಗಿಸಿದರು. ಒಂದಕ್ಷರ ತಪ್ಪಲಿಲ್ಲ.

'ನಮ್ದು ಅಲ್ಲೇ ಲಿಂಗದಹಳ್ಳಿ ಮೇಡಂ' ಅಂದರು.