ರಂಗನಾಥನ್ ಅವರ ಸರಪಳಿ ನಮ್ಮ ಕೋಹಾಗೆ ಒಗ್ಗಿತು

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅಂದರೆ ನಮ್ಮ ಗ್ರಂಥಪಾಲಕರಿಗೆ ಆಗಸ್ಟ್ 12ರ ಗ್ರಂಥಪಾಲಕರ ದಿನದ ಹಾರ, ಗ್ರಂಥಾಲಯದ ಐದು ಸೂತ್ರಗಳ ಬ್ಯಾನರ್, ನೆಟ್ ಪರೀಕ್ಷೆಯ ಒಂದೆರಡು ಪ್ರಶ್ನೆ. ಅಷ್ಟೇ ಅಲ್ವಾ? ಪುಸ್ತಕದ ವಿಷಯವನ್ನು ಸರಪಳಿಯಂತೆ ಕೊಂಡಿ ಕೊಂಡಿಯಾಗಿ ಬಿಚ್ಚಿ ಹುಡುಕುಪದ ಮಾಡುವ ಅವರ ಚೈನ್ ಇಂಡೆಕ್ಸಿಂಗನ್ನು ಗ್ರಂಥಾಲಯದ ತಂತ್ರಾಂಶವಾದ ಕೋಹಾದಲ್ಲಿ ತರುತ್ತೇನೆ ಅಂದಾಗ ಪಕ್ಕದ ಊರಿನ ಗ್ರಂಥಪಾಲಕರೊಬ್ಬರು ನಕ್ಕರು. "ಗೂಗಲ್ ಕಾಲದಲ್ಲಿ ಯಾರ್ರೀ ಅದನ್ನೆಲ್ಲ ಮಾಡ್ತಾರೆ?" ಈಗ ಅವರೇ ಫೋನ್ ಮಾಡಿ ಎಕ್ಸೆಲ್ ಶೀಟ್ ಕೇಳುತ್ತಿದ್ದಾರೆ. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಹೆಚ್ಚುಕಡಿಮೆ 22 ಸಾವಿರ ಪುಸ್ತಕಗಳಿರುವ ಪದವಿ ಕಾಲೇಜು. ರೇಷ್ಮೆ ಕೃಷಿ ವಿಭಾಗ ಇದೆ. ತಲೆನೋವು ಶುರುವಾಗಿದ್ದೇ ಅಲ್ಲಿ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಹಿಪ್ಪುನೇರಳೆ 634ಕ್ಕೆ ಹೋಗುತ್ತದೆ, ರೇಷ್ಮೆ ಹುಳು 638ಕ್ಕೆ, ರೇಷ್ಮೆ ಬಟ್ಟೆ 677ಕ್ಕೆ. ಹುಡುಗರು 638ರ ಮುಂದೆ ನಿಂತು "ಇಷ್ಟೇನಾ ಸರ್?" ಅಂತ ಕೇಳಿ ಹೊರಟುಬಿಡುತ್ತಿದ್ದರು.

ಮೊದಲು ಆ ವಿಭಾಗಕ್ಕೆ ರಂಗನಾಥನ್ ಅವರದೇ ಕೋಲನ್ ಪದ್ಧತಿಯ ಪೂರ್ತಿ ನಂಬರನ್ನೇ ಹಾಕಿ ನೋಡಿದೆ. ಬೆನ್ನಿನ ಲೇಬಲ್ ಮೂರು ಸಾಲಾಯಿತು. ಅಟೆಂಡರ್ ಆ ನಂಬರಿನ ನಡುವಿನ ಅಲ್ಪವಿರಾಮ, ಅರ್ಧವಿರಾಮ ನೋಡಿ ಜೋಡಿಸುವಷ್ಟರಲ್ಲಿ ಮಧ್ಯಾಹ್ನದ ಬೆಲ್ ಹೊಡೆಯುತ್ತಿತ್ತು. ಲೇಬಲ್, ಟೇಪು ಅಂತ ಎರಡೂವರೆ ಸಾವಿರ ರೂಪಾಯಿ ನೀರಿಗೆ ಹೋಯಿತು. ಎಲ್ಲ ಕಿತ್ತು ಮತ್ತೆ ಡ್ಯೂಯಿ ಅಂಟಿಸಿದೆವು. ಕಪಾಟಿಗೆ ಡ್ಯೂಯಿ, ಹುಡುಕಾಟಕ್ಕೆ ರಂಗನಾಥನ್ ಅಂತ ತೀರ್ಮಾನವಾಗಿದ್ದು ಆಗಲೇ.

ಒಂದು ಪುಸ್ತಕ ತೋರಿಸುತ್ತೇನೆ. ಕರ್ನಾಟಕದ ರೇಷ್ಮೆ ಹುಳುಗಳಿಗೆ ಬರುವ ರೋಗದ ಬಗ್ಗೆ ಇರುವುದು. ಮುಖ್ಯ ವಿಷಯ ಪಶುಪಾಲನೆ, ಆಮೇಲೆ ಹುಳು, ರೋಗ, ಜಾಗ. ಸರಪಳಿಯನ್ನು ಕೊನೆಯ ಕೊಂಡಿಯಿಂದ ಹಿಂದಕ್ಕೆ ಬಿಚ್ಚಿದೆ. "ಕರ್ನಾಟಕ, ರೋಗ, ರೇಷ್ಮೆ ಹುಳು" ಒಂದು. "ರೋಗ, ರೇಷ್ಮೆ ಹುಳು" ಇನ್ನೊಂದು. "ರೇಷ್ಮೆ ಹುಳು, ಪಶುಪಾಲನೆ" ಮತ್ತೊಂದು. ಎಲ್ಲವನ್ನೂ ಕೋಹಾ ದಾಖಲೆಯಲ್ಲಿ ಹುಡುಕುಪದಗಳಿಗಿರುವ 653ನೇ ಜಾಗದಲ್ಲಿ ಹಾಕಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕೋಲನ್ ಪದ್ಧತಿಯ ಏಳನೇ ಆವೃತ್ತಿಯಲ್ಲಿ ರೋಗ ಸೇರುವುದು ಎನರ್ಜಿ ಅನ್ನುವ ಗುಂಪಿಗಲ್ಲ, ಮ್ಯಾಟರ್ ಅನ್ನುವ ಗುಂಪಿಗೆ ಅಂತ ಜಗಳಕ್ಕೆ ಬರಬೇಡಿ. ಹುಡುಕುವ ಹುಡುಗನಿಗೆ ಅದೆಲ್ಲ ಬೇಕಿಲ್ಲ.

ಜಾಸ್ತಿ ಕಾಡಿದ್ದು ಕನ್ನಡ. ಹಳೆಯ ದಾಖಲೆಗಳೆಲ್ಲ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಆಗಿದ್ದವು. ಕೋಹಾಗೆ ಹಾಕಿದರೆ ಬರೀ ಕಸ. ಯೂನಿಕೋಡ್‌ಗೆ ಬದಲಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ಅದನ್ನೆಲ್ಲ ಕೈಯಲ್ಲೇ ತಿದ್ದಿದ ಮೇಲೂ ಕನ್ನಡದಲ್ಲಿ ಹುಡುಕಿದರೆ ಉತ್ತರ ಸೊನ್ನೆ. ಕೋಹಾದೊಳಗಿನ ಹುಡುಕುವ ತಂತ್ರಾಂಶ ಜೀಬ್ರಾವನ್ನು, ಬೇರೆ ಬೇರೆ ಲಿಪಿಗಳನ್ನು ಅರಿಯುವ ಐಸಿಯು ವ್ಯವಸ್ಥೆಗೆ ಬದಲಿಸಿ ಮತ್ತೆ ಇಂಡೆಕ್ಸ್ ಮಾಡಿದ ಮೇಲೆ ಸರಿಹೋಯಿತು. ರೇಷ್ಮೆ, ರೇಶ್ಮೆ ಅಂತ ಎರಡೂ ಬರೆಯುವವರಿದ್ದಾರಲ್ಲ, ಅಂಥ ಪದಗಳಿಗೆಲ್ಲ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಆ ಪಟ್ಟಿ ಮಾತ್ರ ಯಾರಿಗೂ ಕೊಡುವುದಿಲ್ಲ, ಎರಡು ಬೇಸಿಗೆ ರಜೆ ತಿಂದಿದೆ.

ಖರ್ಚು? ಕೋಹಾ ಪುಕ್ಕಟೆ. ಸರ್ವರ್ ಅಂದರೆ ಲ್ಯಾಬಿನವರು ಬಿಸಾಡಿದ ಹಳೇ ಕಂಪ್ಯೂಟರ್, ಅದಕ್ಕೊಂದು ಹೊಸ ಎಸ್‌ಎಸ್‌ಡಿ. ನಮೂದಿಸಲು ವಿದ್ಯಾರ್ಥಿಗಳಿಗೆ ದಾಖಲೆಗೆ ಎರಡು ರೂಪಾಯಿ ಕೊಟ್ಟೆ. ಒಟ್ಟು 20 ಸಾವಿರದ ಆಸುಪಾಸು. ಇಷ್ಟೇ ಕೆಲಸಕ್ಕೆ ಹೊರಗಿನವರು ಹೇಳಿದ ಮೊತ್ತ ಅದರ ಐದಾರು ಪಟ್ಟು ಇತ್ತು.

ನಡುವೆ ಸುಮ್ನೆ ಇನ್ನೊಂದು ಮಾಡಿದೆ. ಅವತ್ತು ವಾಪಸ್ ಬಂದ ಪುಸ್ತಕಗಳನ್ನು ಕಪಾಟಿಗೆ ಕಳಿಸದೆ ಬಾಗಿಲ ಹತ್ತಿರ ಟ್ರಾಲಿಯಲ್ಲೇ ಬಿಟ್ಟೆ. ಕಪಾಟು ನೋಡದವರೂ ಟ್ರಾಲಿ ಕೆದಕುತ್ತಾರೆ! ಅರ್ಧದಷ್ಟು ಅಲ್ಲಿಂದಲೇ ಮತ್ತೆ ಹೊರಗೆ ಹೋಗುತ್ತವೆ. ಅದೇ ಧೈರ್ಯದಲ್ಲಿ ಎಲ್ಲ ಕಪಾಟುಗಳಿಂದಲೂ ಓದುಗರೇ ಪುಸ್ತಕ ತೆಗೆದುಕೊಳ್ಳುವಂತೆ ಪೂರ್ತಿ ಓಪನ್ ಆಕ್ಸೆಸ್ ಮಾಡಿದೆ. ಪುಸ್ತಕ ಕಳೆದರೆ ಯಾರ ತಲೆಗೆ ಅಂತ ಆಫೀಸಿನವರು ಕೂಗಾಡಿದರು. ಕೇಂದ್ರ ಸರ್ಕಾರದ ಹಣಕಾಸು ನಿಯಮಾವಳಿ ಜಿಎಫ್‌ಆರ್ 2017 ತೆರೆದು ತೋರಿಸಿದೆ. ಕೊಟ್ಟ, ಓದಿದ ಸಾವಿರ ಸಂಪುಟಕ್ಕೆ ವರ್ಷಕ್ಕೆ ಐದು ಕಳೆದರೆ ಸಹಜ ಅಂತಲೇ ಅದರಲ್ಲಿದೆ, ಮೋಸ, ನಿರ್ಲಕ್ಷ್ಯ ಇರಬಾರದು ಅಷ್ಟೇ. ನಮ್ಮಲ್ಲಿ ಅದಕ್ಕಿಂತ ಕಡಿಮೆಯೇ ಹೋಗಿದೆ.

ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರು ಗಣಿತದ ಮೇಷ್ಟ್ರು. ಬೇಜಾರಾಗಿ, ಪಾಠಕ್ಕೇ ವಾಪಸ್ ಕಳಿಸಿ ಅಂತ ಕೇಳಿದ್ದರು. ಲಂಡನ್‌ಗೆ ಹೋಗಿ ಕಲಿತು ಬಂದ ಮೇಲೆ ಮನಸ್ಸು ಬದಲಾಯಿತು. ಅಲ್ಲಿನ ಅಂಗಡಿಯಲ್ಲಿ ನೋಡಿದ ಮೆಕ್ಯಾನೋ ಆಟಿಕೆಯಿಂದ ಹೊಳೆದದ್ದು ಕೋಲನ್ ಪದ್ಧತಿ, 1933ರಲ್ಲಿ ಪುಸ್ತಕವಾಗಿ ಬಂತು. ಬಿಡಿ ತುಂಡುಗಳನ್ನು ಬೇಕಾದಂತೆ ಜೋಡಿಸುವ ಆ ಯೋಚನೆಯೇ ಇವತ್ತಿನ ಆನ್‌ಲೈನ್ ಅಂಗಡಿಗಳ ಫಿಲ್ಟರ್‌ಗಳಲ್ಲೂ ಕಾಣುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಇಷ್ಟು ಹತ್ತಿರ ಇದ್ದವರನ್ನು ನಾವು ಸಿಲಬಸ್‌ನಲ್ಲಿ ಕೂರಿಸಿ ಬಿಟ್ಟೆವು.

ರೇಷ್ಮೆ ಪುಸ್ತಕಗಳ ಎರವಲು ಈಗ ಮೊದಲಿನ ಎರಡರಷ್ಟಾದರೂ ಇದೆ. ಮುಂದೆ ಹಳೇ ಪ್ರಾಜೆಕ್ಟ್ ವರದಿಗಳಿಗೆ ಸರಪಳಿ ಹಾಕಬೇಕು. ಪ್ರಾಣಿಶಾಸ್ತ್ರದವರು ಕಟ್ಟುಗಟ್ಟಲೆ ತಂದು ಕೊಟ್ಟಿದ್ದಾರೆ, ಕಾಮರ್ಸ್‌ನವರು ಬೀರುವಿನ ಬೀಗದ ಕೈ ಹುಡುಕುತ್ತಲೇ ಇದ್ದಾರೆ.